ಗರ್ಭಿಣಿಯ ಆತಂಕ ಈಮಾನಿನ ಕೊರತೆಯಲ್ಲ

ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ರೋಗಭಯ ಹೊಸಬಾಳೆಯ ಮನೆಗಳಿಗೆ ಹೊಸದೇನಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಗರ್ಭಿಣಿಯರ ಪಾಡೇ ಬೇರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗೋಣವೆಂದರೆ ಬಸ್ಸಿಲ್ಲ. ಆಸ್ಪತ್ರೆಗೆ ಹೋದರೆ ಸೋಂಕಿನ ಭಯ, ಹೋಗದಿದ್ದರೆ ಮಗುವಿನ ಚಿಂತೆ. ಸಾಲದ್ದಕ್ಕೆ ಮೊಬೈಲಿಗೆ ಬರುತ್ತಿದ್ದ ಸುಳ್ಳು ಸುದ್ದಿಗಳು.

ನಾವು ಅವರಿಗೆ ಹೇಳಿದ್ದು ಒಂದೇ ಮಾತು: ಸಬ್ರ್ ಮಾಡು. ಮಾತು ತಪ್ಪಲ್ಲ, ಆದರೆ ಅಷ್ಟೇ ಸಾಲದು. ಹೆರಿಗೆ ನೋವಿನಲ್ಲಿ, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದುಕೊಂಡವರು ಹಝ್ರತ್ ಮರ್ಯಮ್ (ಅ). ಆ ಗಳಿಗೆಯಲ್ಲಿ ಅವರಿಗೆ ಸಿಕ್ಕಿದ್ದು ಗದರಿಕೆಯಲ್ಲ. ಸಾಂತ್ವನ, ಕುಡಿಯಲು ನೀರು, ತಿನ್ನಲು ಖರ್ಜೂರ. ಸೂರಃ ಮರ್ಯಮ್ ಓದುವ ನಾವು ಇದನ್ನು ಗಮನಿಸುವುದೇ ಇಲ್ಲ.

ಸಾಂಕ್ರಾಮಿಕವಿಲ್ಲದ ದಿನಗಳಲ್ಲೂ ಜಗತ್ತಿನಲ್ಲಿ ಸುಮಾರು ಶೇ. 10ರಷ್ಟು ಗರ್ಭಿಣಿಯರಿಗೆ, ಶೇ. 13ರಷ್ಟು ಬಾಣಂತಿಯರಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ ಇರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಿಕಿತ್ಸೆಯಿಂದ ಇದು ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಜೊತೆಗಿದ್ದೇ ಚಿಕಿತ್ಸೆ ಪಡೆಯುವ ವಿಭಾಗವೇ ಇದೆ.

ನಿದ್ದೆಯಿಲ್ಲ, ಊಟ ಸೇರದು, ಸುಮ್ಮಸುಮ್ಮನೆ ಅಳು, ಯಾವುದರಲ್ಲೂ ಆಸಕ್ತಿಯಿಲ್ಲ. ಇದು ಎರಡು ವಾರ ಮುಂದುವರಿದರೆ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ತಿಳಿಸಿ. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅದೇ ದಿನ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯೂ ಇದೆ: 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಗಂಡನ ಕಿಸೆಯಲ್ಲೇ ಇರುವ ಮನೆಗಳಲ್ಲಿ, ಕರೆ ಮಾಡಿ ಅವಳ ಕೈಗೆ ಕೊಟ್ಟು ಕೋಣೆಯಿಂದ ಹೊರಗೆ ಬನ್ನಿ.