ಬೇಸಿಗೆ ರಜೆಗೆ ಹಿಮದ ನಾಡು

ಫಿನ್ಲೆಂಡಿನ ಲ್ಯಾಪ್‌ಲ್ಯಾಂಡಿಗೆ ಸ್ಕೀ ಪ್ರವಾಸ ಹೊರಡುವವರು ಊರಿಗಿಂತ ಮೊದಲು ತಿಂಗಳನ್ನು ಆರಿಸಿಕೊಳ್ಳಬೇಕು

ಲ್ಯಾಪ್‌ಲ್ಯಾಂಡ್ ಎಂದ ಕೂಡಲೇ ನಮ್ಮವರ ಕಣ್ಣು ಕ್ಯಾಲೆಂಡರಿನ ಡಿಸೆಂಬರ್ ಪುಟದ ಮೇಲೆ ಬೀಳುತ್ತದೆ. ಕ್ರಿಸ್‌ಮಸ್ ರಜೆ ಸಿಗುತ್ತದೆ, ರೊವಾನಿಯೆಮಿಯಲ್ಲಿ ಸಾಂಟಾಕ್ಲಾಸ್ ಕಾದಿರುತ್ತಾನೆ, ಅದೃಷ್ಟವಿದ್ದರೆ ರಾತ್ರಿ ಆಕಾಶದಲ್ಲಿ ಅರೋರಾದ ಬಣ್ಣದ ಬೆಳಕು ಕಾಣುತ್ತದೆ. ಹಿಮ ನೋಡಿ, ನಾಯಿಬಂಡಿ ಏರಿ, ಫೋಟೊ ತೆಗೆಸಿಕೊಂಡು ಬರುವವರಿಗೆ ಆ ತಿಂಗಳು ಚೆನ್ನ. ಆದರೆ ಕಾಲಿಗೆ ಸ್ಕೀ ಕಟ್ಟಿಕೊಂಡು ಜಾರಲು ಕಲಿಯಬೇಕು ಎನ್ನುವವರಿಗೆ ಅಷ್ಟು ಅನನುಕೂಲದ ತಿಂಗಳು ಇನ್ನೊಂದಿಲ್ಲ.

ಕಾರಣ ಸರಳ: ಬೆಳಕಿಲ್ಲ. ಲ್ಯಾಪ್‌ಲ್ಯಾಂಡಿನ ಬಹುಭಾಗ 66°33′ ಅಕ್ಷಾಂಶದ ಆರ್ಕ್ಟಿಕ್ ವೃತ್ತದಿಂದಾಚೆಗಿದೆ. ಅಲ್ಲಿನ ದೊಡ್ಡ ಸ್ಕೀ ಕೇಂದ್ರ ಲೆವಿಯಲ್ಲಿ ಡಿಸೆಂಬರಿನ ಎರಡನೇ ವಾರ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಹೊಸ ವರ್ಷದ ಮೊದಲ ದಿನಗಳಲ್ಲಿ. ನಡುಹಗಲಲ್ಲಿ ಕೆಲವು ಗಂಟೆ ನಸುನೀಲಿ ಮಬ್ಬು ಇರುತ್ತದೆ, ಅಷ್ಟೆ. ಇಳಿಜಾರುಗಳಿಗೆ ದೊಡ್ಡ ದೀಪ ಹಾಕಿರುತ್ತಾರೆ, ನಿಜ. ಆದರೆ ಆ ಬೆಳಕಿನಲ್ಲಿ ಹಿಮದ ಉಬ್ಬುತಗ್ಗು ಗುರುತಿಸಲು ಪಳಗಿದ ಕಣ್ಣು ಬೇಕು, ಹೊಸಬರಿಗೆ ಎಲ್ಲವೂ ಒಂದೇ ಸಮ ಬಿಳುಪು.

ಜನವರಿಯಲ್ಲಿ ಬೆಳಕು ಮರಳುತ್ತದೆ, ಜೊತೆಗೆ ಕಡುಚಳಿಯೂ ಬರುತ್ತದೆ. ಲೆವಿ ಇರುವ ಕಿಟ್ಟಿಲಾ ಪುರಸಭೆಯ ಪೊಕ್ಕಾ ಎಂಬ ಹಳ್ಳಿಯಲ್ಲಿ 1999ರ ಜನವರಿ 28ರಂದು ಮೈನಸ್ 51.5 ಡಿಗ್ರಿ ದಾಖಲಾಗಿತ್ತು. ಫಿನ್ಲೆಂಡಿನ ಇತಿಹಾಸದಲ್ಲೇ ಅದು ಅತಿ ಕನಿಷ್ಠ. ಪ್ರತಿ ವರ್ಷ ಹಾಗಾಗುವುದಿಲ್ಲವಾದರೂ ಮೈನಸ್ 25, 30 ಅಪರೂಪವೇನಲ್ಲ. ಅಂಥ ದಿನ ಚಿಕ್ಕ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಮೊಬೈಲ್ ಬ್ಯಾಟರಿ ನೋಡನೋಡುತ್ತಲೇ ಖಾಲಿಯಾಗುತ್ತದೆ. ಫೆಬ್ರುವರಿ ಮೂರನೇ ವಾರದಿಂದ ಮಾರ್ಚ್ ಆರಂಭದವರೆಗೆ ಫಿನ್ಲೆಂಡಿನ ಶಾಲೆಗಳಿಗೇ ಸ್ಕೀ ರಜೆ. ದಕ್ಷಿಣ, ಮಧ್ಯ, ಉತ್ತರ ಎಂದು ಸರದಿಯ ಮೇಲೆ ಮೂರು ವಾರ ಇಡೀ ದೇಶ ಉತ್ತರಕ್ಕೆ ಗುಳೆ ಏಳುತ್ತದೆ. ಬಾಡಿಗೆ ಮನೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಇನ್ನು ಉಳಿದದ್ದು ಮಾರ್ಚ್ ಕೊನೆ ಮತ್ತು ಏಪ್ರಿಲ್. ನಮಗೆ ಬೇಕಾದದ್ದು ಇದೇ.

ಅವರ ಹಿಮ, ನಮ್ಮ ರಜೆ

ಲ್ಯಾಪ್‌ಲ್ಯಾಂಡಿನಲ್ಲಿ ಹಿಮದ ದಪ್ಪ ಅತಿ ಹೆಚ್ಚಿರುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಆರಂಭದವರೆಗೆ. ಚಳಿಗಾಲವೆಲ್ಲ ಬಿದ್ದದ್ದು ಕರಗದೆ ಒಂದರ ಮೇಲೊಂದು ಕೂತಿರುತ್ತದೆ. ಏಪ್ರಿಲ್ ಮಧ್ಯದಲ್ಲಿ ಲೆವಿಯ ಹಗಲು 15 ಗಂಟೆಗೂ ಹೆಚ್ಚು. ತಾಪಮಾನ ಹಗಲು ಸೊನ್ನೆಯ ಆಸುಪಾಸಿನಲ್ಲಿದ್ದು, ರಾತ್ರಿ ಅದಕ್ಕಿಂತ ಕೆಳಗಿಳಿಯುತ್ತದೆ. ದೊಡ್ಡ ಕೇಂದ್ರಗಳ ಲಿಫ್ಟುಗಳು ಏಪ್ರಿಲ್ ಕೊನೆಯವರೆಗೆ, ಕೆಲವು ಮೇ ಆರಂಭದವರೆಗೂ ಓಡುತ್ತವೆ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದೂ ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಪರೀಕ್ಷೆ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಹೊರಟರೆ, ಅಲ್ಲಿ ಈಸ್ಟರ್ ಗದ್ದಲ ಮುಗಿದು, ದರವೂ ಇಳಿದಿರುವ ಸಾಧ್ಯತೆ ಹೆಚ್ಚು. ಈಸ್ಟರ್ ಯಾವ ವಾರಕ್ಕೆ ಬರುತ್ತದೆ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ನಷ್ಟವೂ ಇದೆ. ಏಪ್ರಿಲ್ ಮಧ್ಯದ ನಂತರ ರಾತ್ರಿಗಳು ಪೂರ್ತಿ ಕಪ್ಪಾಗುವುದಿಲ್ಲ. ಅರೋರಾ ಆಸೆ ಕೈಬಿಡಬೇಕು. ಅದು ಬೇಕೇ ಬೇಕು ಎನ್ನುವವರು ಮಾರ್ಚ್ ಎರಡನೇ ಅರ್ಧಕ್ಕೆ ಹೋಗಲಿ. ವಿಷುವತ್ತಿನ ಆಸುಪಾಸಿನಲ್ಲಿ ಅರೋರಾ ಹೆಚ್ಚು ಚುರುಕಾಗಿರುತ್ತದೆ, ಹಗಲು ರಾತ್ರಿ ಸಮನಾಗಿರುವುದರಿಂದ ಸ್ಕೀಗೂ ಸಾಕಷ್ಟು ಬೆಳಕಿರುತ್ತದೆ. ಏಪ್ರಿಲ್‌ನ ಇನ್ನೊಂದು ಗುಣ ತಿಳಿದಿರಬೇಕು. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಗಟ್ಟಿಯಾಗಿದ್ದು, ಮಧ್ಯಾಹ್ನದ ಬಿಸಿಲಿಗೆ ಹಿಂಡಿದರೆ ನೀರು ಬರುವಷ್ಟು ಮೆತ್ತಗಾಗುತ್ತದೆ. ಆದ್ದರಿಂದ ಪಾಠ ಬೆಳಿಗ್ಗೆಗೆ ಇಟ್ಟುಕೊಳ್ಳಿ, ಸುತ್ತಾಟ ಮಧ್ಯಾಹ್ನಕ್ಕೆ.

ಸ್ಕೀ ಋತುವಿನ ಆರಂಭವನ್ನು ನಂಬಿ ಹೋಗದಿರಲು ಇನ್ನೊಂದು ಕಾರಣವೂ ಉಂಟು. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು ಫಿನ್ಲೆಂಡಿನ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ಹೊಸ ಹಿಮಕ್ಕೆ ಕಾಯದೆ ಲೆವಿ, ರುಕಾದಂಥ ಕೇಂದ್ರಗಳು ಹಿಂದಿನ ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಬೇಸಿಗೆಯೆಲ್ಲ ಹೊದಿಕೆಯಡಿ ಕಾಪಿಟ್ಟು, ಅಕ್ಟೋಬರಿನಲ್ಲಿ ಮತ್ತೆ ಹರಡುತ್ತವೆ. ಆಗ ಸಿಗುವುದು ಒಂದೆರಡು ಬಿಳಿ ಪಟ್ಟಿಗಳಷ್ಟೆ, ಸುತ್ತ ಕಾಡೆಲ್ಲ ಕಂದು.

ಯಾವ ಬೆಟ್ಟ?

ಆಲ್ಪ್ಸ್ ಪರ್ವತದ ಚಿತ್ರ ತಲೆಯಲ್ಲಿಟ್ಟುಕೊಂಡು ಹೋದರೆ ಲ್ಯಾಪ್‌ಲ್ಯಾಂಡ್ ಬೇರೆಯೇ ಕಾಣುತ್ತದೆ. ಚೂಪಾದ ಶಿಖರಗಳಿಲ್ಲ, ಬೋಳುನೆತ್ತಿಯ ದುಂಡು ಬೆಟ್ಟಗಳು. ಲೆವಿಯ ತುದಿ 531 ಮೀಟರ್, ಬೆಂಗಳೂರಿಗಿಂತ ಕೆಳಗೆ! ಇಲ್ಲಿನ ಚಳಿ ಅಕ್ಷಾಂಶದ್ದು, ಎತ್ತರದ್ದಲ್ಲ. ಗುಲ್ಮಾರ್ಗ್‌ನಲ್ಲಿ ಮೇಲೇರಿದವರಿಗೆ ಬರುವ ಉಸಿರಾಟದ ತೊಂದರೆ, ತಲೆನೋವು ಇಲ್ಲಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಜೊತೆಗೆ ಕರೆದೊಯ್ಯುವವರಿಗೆ ಇದು ಸಣ್ಣ ವಿಷಯವಲ್ಲ.

ಲೆವಿಯಲ್ಲಿ 43 ಇಳಿಜಾರುಗಳಿವೆ. ಕಿಟ್ಟಿಲಾ ವಿಮಾನ ನಿಲ್ದಾಣ ಸುಮಾರು 15 ಕಿಲೋಮೀಟರ್ ದೂರ. ಅಂಗಡಿ, ಹೋಟೆಲು, ಮಕ್ಕಳ ಪಾಠದ ಜಾಗ ಎಲ್ಲವೂ ಬೆಟ್ಟದ ಬುಡದಲ್ಲೇ ಇವೆ. ಮೊದಲ ಸಲ ಹೋಗುವ ಕುಟುಂಬಕ್ಕೆ ಇದೇ ಸಲೀಸು. ನವೆಂಬರಿನಲ್ಲಿ ಇಲ್ಲಿ ವಿಶ್ವಕಪ್ ಸ್ಲಾಲಂ ಸ್ಪರ್ಧೆ ನಡೆಯುತ್ತದೆ, ಗೆದ್ದವರಿಗೆ ಹಿಮಸಾರಂಗವೊಂದು ಬಹುಮಾನ. ಅಮೆರಿಕದ ಸ್ಕೀ ಪಟು ಮಿಕೇಲಾ ಶಿಫ್ರಿನ್ ಇಲ್ಲಿ ಮತ್ತೆ ಮತ್ತೆ ಗೆದ್ದು ಒಂದು ಪುಟ್ಟ ಹಿಂಡಿನ ಒಡತಿಯೇ ಆಗಿದ್ದಾರೆ.

ಗದ್ದಲ ಬೇಡವೆನ್ನುವವರಿಗೆ ಯುಲ್ಲಾಸ್. ಬೆಟ್ಟ ಇನ್ನೂ ದೊಡ್ಡದು, 718 ಮೀಟರ್. ಎರಡು ಬದಿಗೆ ಆ್ಯಕಾಸ್‌ಲೊಂಪೊಲೊ ಮತ್ತು ಯುಲ್ಲಾಸ್‌ಯಾರ್ವಿ ಎಂಬ ಶಾಂತ ಹಳ್ಳಿಗಳು, ಬೆನ್ನಿಗೆ ಪಲ್ಲಾಸ್-ಯುಲ್ಲಾಸ್‌ತುಂತುರಿ ರಾಷ್ಟ್ರೀಯ ಉದ್ಯಾನ. ಇನ್ನೂ ಉತ್ತರಕ್ಕೆ, ಇವಾಲೊ ವಿಮಾನ ನಿಲ್ದಾಣದ ಹತ್ತಿರ ಸಾರಿಸೆಲ್ಕಾ ಇದೆ. ಅಲ್ಲಿಂದ ಇನಾರಿಗೆ ಹೋಗಿ ಮೂಲನಿವಾಸಿ ಸಾಮಿ ಜನರ ಬದುಕನ್ನು ತೋರಿಸುವ ಸೀಡಾ ವಸ್ತುಸಂಗ್ರಹಾಲಯವನ್ನೂ ನೋಡಿ ಬರಬಹುದು. ದಾರಿಯಲ್ಲಿ ಸಿಗುವ ಹಿಮಸಾರಂಗಗಳು ಕಾಡುಪ್ರಾಣಿಗಳಲ್ಲ, ಒಂದೊಂದಕ್ಕೂ ಯಜಮಾನನಿದ್ದಾನೆ. ಕಾರು ಓಡಿಸುವವರು ವೇಗ ತಗ್ಗಿಸಲೇಬೇಕು.

ಅಂಗಡಿಯ ಬೆಂಚಿನ ಮೇಲೆ

ಸ್ಕೀ, ಬೂಟು, ಕೋಲು, ಹೆಲ್ಮೆಟ್ ಯಾವುದನ್ನೂ ಕೊಳ್ಳಬೇಕಿಲ್ಲ, ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಅಂಗಡಿಯವನು ಮೊದಲು ಎತ್ತರ, ತೂಕ, ಪಾದದ ಅಳತೆ, ಎಷ್ಟು ಅನುಭವ ಎಂದು ಕೇಳುತ್ತಾನೆ. ಸಂಕೋಚಪಟ್ಟು ತೂಕ ಕಡಿಮೆ ಹೇಳಬೇಡಿ, ಅನುಭವ ಹೆಚ್ಚು ಹೇಳಬೇಡಿ. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವಂತೆ ಹಿಂದೆ ಮುಂದೆ ಎರಡು ಹಿಡಿಕೆಗಳಿರುತ್ತವೆ. ಅವು ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಎನ್ನುವುದನ್ನು ಈ ಲೆಕ್ಕದ ಮೇಲೆಯೇ ತಿರುಪು ತಿರುಗಿಸಿ ಹೊಂದಿಸುತ್ತಾರೆ. ಲೆಕ್ಕ ತಪ್ಪಿದರೆ ಒಂದೋ ನಡುದಾರಿಯಲ್ಲಿ ಸ್ಕೀ ಕಳಚಿ ಹೋಗುತ್ತದೆ, ಇಲ್ಲವೇ ಬಿದ್ದಾಗ ಕಳಚದೆ ಮೊಣಕಾಲು ತಿರುಚುತ್ತದೆ.

ಬೂಟಿಗೆ ಸಮಯ ಕೊಡಿ. ನೆಟ್ಟಗೆ ನಿಂತಾಗ ಹೆಬ್ಬೆರಳು ತುದಿಗೆ ತಾಗಬೇಕು, ಮೊಣಕಾಲು ಬಗ್ಗಿಸಿ ಮುಂದಕ್ಕೆ ಬಾಗಿದಾಗ ಬಿಡಿಸಿಕೊಳ್ಳಬೇಕು. ಹಿಮ್ಮಡಿ ಮೇಲೇಳಕೂಡದು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಉದ್ದದ, ತೆಳ್ಳನೆಯ ಉಣ್ಣೆಯ ಒಂದೇ ಜೊತೆ ಸಾಕು. ಬಟ್ಟೆಯಲ್ಲೂ ಹತ್ತಿ ಬೇಡ. ಹತ್ತಿ ಬನಿಯನ್ ಬೆವರು ಹೀರಿಕೊಂಡು ಮೈಗೆ ಅಂಟಿ, ಲಿಫ್ಟಿನಲ್ಲಿ ಕೂತ ಹೊತ್ತಿನಲ್ಲಿ ನಡುಗಿಸಿಬಿಡುತ್ತದೆ. ಒಳಗೆ ಮೆರಿನೊ ಉಣ್ಣೆ ಅಥವಾ ಥರ್ಮಲ್, ನಡುವೆ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯುವ ಜಾಕೆಟ್ಟು ಮತ್ತು ಪ್ಯಾಂಟು. ಕೈಗೆ ಐದು ಬೆರಳಿನ ಗ್ಲೌಸಿಗಿಂತ ಬೆರಳುಗಳೆಲ್ಲ ಒಟ್ಟಿಗೆ ಇರುವ ಮಿಟನ್ ಬೆಚ್ಚಗಿರುತ್ತದೆ. ಏಪ್ರಿಲ್ ಬಿಸಿಲು ಹಿಮಕ್ಕೆ ಬಡಿದು ಮುಖಕ್ಕೆ ಮರಳುವುದರಿಂದ ಸನ್‌ಸ್ಕ್ರೀನ್, ಕಪ್ಪು ಗಾಗಲ್ ಮರೆಯುವಂತಿಲ್ಲ.

ಮೊದಲ ಬೆಳಿಗ್ಗೆ

ಮೊದಲ ಪಾಠ ಬೆಟ್ಟದ ಮೇಲಲ್ಲ, ಬುಡದ ಸಮತಟ್ಟಿನಲ್ಲಿ. ಬಕಲ್ ಬಿಗಿದ ಬೂಟಿನಲ್ಲಿ ನಡೆಯುವುದೇ ಒಂದು ಪಾಠ. ಆಮೇಲೆ ಒಂದೇ ಕಾಲಿಗೆ ಸ್ಕೀ, ನಂತರ ಎರಡಕ್ಕೂ. ಸ್ಕೀಗಳ ಮೂತಿ ಹತ್ತಿರ ತಂದು ಬಾಲವನ್ನು ಅಗಲಿಸಿ ತ್ರಿಕೋನ ಮಾಡಿದರೆ ವೇಗ ಇಳಿಯುತ್ತದೆ. ಮಕ್ಕಳಿಗೆ ಇದನ್ನೇ ‘ಪಿಜ್ಜಾ’ ಎಂದು ಹೇಳಿಕೊಡುತ್ತಾರೆ. ಬೀಳುವುದಾದರೆ ಪಕ್ಕಕ್ಕೆ ಬೀಳಬೇಕು. ಏಳುವ ಮೊದಲು ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಎದ್ದ ಕೂಡಲೇ ಮತ್ತೆ ಜಾರುತ್ತದೆ. ಚಲಿಸುವ ಪಟ್ಟಿಯ ಮೇಲೆ ನಿಂತು ಮೇಲೆ ಹೋಗಿ, ಜಾರಿ ಇಳಿದು, ಮತ್ತೆ ಮೇಲೆ. ಮಕ್ಕಳು ಮಧ್ಯಾಹ್ನದೊಳಗೆ ಕಲಿಯುತ್ತಾರೆ, ದೊಡ್ಡವರು ಹೆದರಿಕೆ ಬಿಡುವಷ್ಟರಲ್ಲಿ ಸಂಜೆಯಾಗಿರುತ್ತದೆ.

ಇಳಿಜಾರುಗಳಿಗೆ ಬಣ್ಣದ ಗುರುತಿದೆ: ಹಸಿರು ತೀರಾ ಸುಲಭ, ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಪಳಗಿದವರಿಗೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲಿ ಒಂದನ್ನು ಬಾಯಿಪಾಠ ಮಾಡಿಕೊಳ್ಳಿ: ಮುಂದೆ ಇರುವವರಿಗೇ ಮೊದಲ ಹಕ್ಕು, ಹಿಂದಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ತುರ್ತು ಕರೆಗೆ 112.

ಇಳಿಜಾರು ಹೆದರಿಕೆಯೆನಿಸಿದರೆ ಬೇಸರ ಬೇಡ. ಫಿನ್ನರಿಗೆ ಸ್ಕೀ ಎಂದರೆ ಮೊದಲು ನೆನಪಾಗುವುದು ಕಾಡಿನ ನಡುವಿನ ಕ್ರಾಸ್ ಕಂಟ್ರಿ. ಸ್ಕೀ ಹಗುರ, ಹಿಮ್ಮಡಿ ಬಿಡುಬೀಸು, ಯಂತ್ರದಿಂದ ಕೊರೆದ ಜೋಡಿ ಗೆರೆಗಳಲ್ಲಿ ನಡಿಗೆ ಜಾರಿಕೆ ಎರಡೂ. ಯುಲ್ಲಾಸ್ ಸುತ್ತಮುತ್ತಲೇ ಇಂಥ ದಾರಿ ಸುಮಾರು 330 ಕಿಲೋಮೀಟರ್ ಇದೆ. ಲಿಫ್ಟ್ ಟಿಕೆಟಿನ ಖರ್ಚಿಲ್ಲ. ದಾರಿಬದಿಯ ಗುಡಿಸಲುಗಳಲ್ಲಿ ಬೆಂಕಿ ಹಾಕಿಕೊಂಡು ಕೂರಬಹುದು, ಚಹಾದಂಗಡಿಗಳಲ್ಲಿ ಬಿಸಿ ಹಣ್ಣಿನ ರಸ, ಸಕ್ಕರೆ ಮೆತ್ತಿದ ಡೋನಟ್ ಸಿಗುತ್ತದೆ. ಈ ಕ್ರೀಡೆ ನಮಗೆ ಪೂರ್ತಿ ಪರಕೀಯವೂ ಅಲ್ಲ; ಹಿಮ ಬೀಳದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಪದಕ ಗೆದ್ದದ್ದು ಇದೇ ಕ್ರಾಸ್ ಕಂಟ್ರಿಯಲ್ಲಿ.

ಮನೆ, ಊಟ, ಸೂಟ್‌ಕೇಸು

ಹೋಟೆಲಿಗಿಂತ ಮರದ ಬಾಡಿಗೆ ಮನೆ ಮೇಲು. ಅಡುಗೆಮನೆ ಇರುತ್ತದೆ, ಬಿಸಿ ಹಬೆಯ ಕೋಣೆ ಸೌನಾ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಉಂಟು. ಒದ್ದೆ ಗ್ಲೌಸು, ಜಾಕೆಟ್ಟುಗಳನ್ನು ರಾತ್ರಿ ತೂಗುಹಾಕಿದರೆ ಬೆಳಿಗ್ಗೆಗೆ ಬೆಚ್ಚಗೆ ಒಣಗಿಸಿಡುವ ಬೀರು ಇದೆಯೇ ಎಂದು ಕೇಳಿ. ನಾಲ್ವರ ಕುಟುಂಬಕ್ಕೆ ಟಿವಿಗಿಂತ ಅದು ಮುಖ್ಯ. ಬೆಡ್‌ಶೀಟು ಮತ್ತು ಕೊನೆಯ ದಿನದ ಸ್ವಚ್ಛತೆಗೆ ಬೇರೆ ದುಡ್ಡು ಹಿಡಿಯುವುದು ರೂಢಿ, ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಸ್ಥಳೀಯ ಊಟವೆಂದರೆ ಸಾಲ್ಮನ್ ಸಾರು, ಆಲೂಗಡ್ಡೆ ಮುದ್ದೆಯ ಜೊತೆ ಹಿಮಸಾರಂಗದ ಮಾಂಸ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯುವುದು ಸಹಜ. ಆದರೆ ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕು.

ಬೆಂಗಳೂರಿನಿಂದ ದೋಹಾ, ಫ್ರಾಂಕ್‌ಫರ್ಟ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಹೆಲ್ಸಿಂಕಿ ತಲುಪಬಹುದು. ಅಲ್ಲಿಂದ ಕಿಟ್ಟಿಲಾಕ್ಕೆ ವಿಮಾನವಿದೆ. ಬಿಡುವಿದ್ದವರು ರಾತ್ರಿ ರೈಲು ಹಿಡಿಯಲಿ. ಸಂಜೆ ಹೆಲ್ಸಿಂಕಿಯಲ್ಲಿ ಹತ್ತಿದರೆ ಬೆಳಿಗ್ಗೆ ರೊವಾನಿಯೆಮಿ, ಇಲ್ಲವೇ ದೇಶದ ಅತ್ಯುತ್ತರದ ನಿಲ್ದಾಣ ಕೊಲಾರಿ. ಕೊಲಾರಿಯಿಂದ ಯುಲ್ಲಾಸ್‌ಗೆ ಬಸ್ಸುಂಟು. ಎರಡಂತಸ್ತಿನ ಮಲಗುವ ಬೋಗಿಯಲ್ಲಿ ಮೇಲಿನ ಕೋಣೆಗಳಿಗೆ ಸ್ವಂತ ಶವರ್ ಕೂಡ ಇರುತ್ತದೆ.

ಹಿಂದಿನಿಂದ ಎಣಿಸಿ

ಏಪ್ರಿಲ್ ಪ್ರವಾಸದ ಕೆಲಸ ಅಕ್ಟೋಬರಿನಲ್ಲಿ ಶುರುವಾಗಬೇಕು. ಶಾಲೆಯ ಪರೀಕ್ಷಾ ವೇಳಾಪಟ್ಟಿ ಅಂದಾಜು ಕೇಳಿಕೊಂಡು ಮೊದಲು ಮನೆ ಕಾದಿರಿಸಿ, ಸಾಧ್ಯವಾದರೆ ಹಣ ಮರಳಿಸುವ ಷರತ್ತಿನ ಮೇಲೆ. ಫಿನ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಪ್ರಯಾಣಕ್ಕೆ ಕನಿಷ್ಠ ಹದಿನೈದು ದಿನ ಮೊದಲಾದರೂ ಸಲ್ಲಿಸಿರಬೇಕೆಂಬುದು ನಿಯಮ, ಜನವರಿಯಲ್ಲೇ ಮುಗಿಸುವುದು ಜಾಣತನ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯುರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಇನ್ನೂ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯುರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇಲ್ಲೊಂದು ಎಚ್ಚರ: ವೀಸಾಕ್ಕೆ ಸಾಕಾಗುವ ಅಗ್ಗದ ಪಾಲಿಸಿಗಳಲ್ಲಿ ಸ್ಕೀಯಿಂಗ್‌ನಂಥ ಕ್ರೀಡೆಗಳನ್ನು ಹೊರಗಿಟ್ಟಿರುವುದುಂಟು. ಸಣ್ಣ ಅಕ್ಷರಗಳನ್ನು ಓದಿ, ಚಳಿಗಾಲದ ಕ್ರೀಡೆ ಸೇರಿದೆಯೇ ಎಂದು ಬರಹದಲ್ಲೇ ಖಚಿತ ಮಾಡಿಕೊಳ್ಳಿ.

ಇಷ್ಟೆಲ್ಲ ಕೂಡಿಸಿದಾಗ ಖರ್ಚು ಕೈಮೀರುತ್ತಿದೆ ಎನಿಸುವುದು ಸಹಜ. ಆಗ ನಾಯಿಬಂಡಿ ಸವಾರಿ ಬಿಡಿ, ಮಲಗಿ ಆಕಾಶ ನೋಡುವ ಗಾಜಿನ ಮನೆಯ ಒಂದು ರಾತ್ರಿ ಬಿಡಿ, ಊಟ ಮನೆಯಲ್ಲೇ ಬೇಯಿಸಿಕೊಳ್ಳಿ. ಜಾಕೆಟ್ಟು, ಪ್ಯಾಂಟು ಪರಿಚಯದವರಿಂದ ಎರವಲು ತನ್ನಿ. ಸ್ಕೀ ಶಾಲೆಯ ಮೊದಲ ಎರಡು ದಿನದ ಪಾಠಕ್ಕೆ ಮಾತ್ರ ಕತ್ತರಿ ಹಾಕಬೇಡಿ. ನಿಲ್ಲಿಸಲು ಬಾರದವರಿಗೆ ಯಾವ ಬೆಟ್ಟವೂ ರಜೆಯಲ್ಲ. ನಿಲ್ಲಿಸಲು ಬಂದರೆ ಹಸಿರು ಇಳಿಜಾರೊಂದೇ ವಾರಕ್ಕೆ ಸಾಕು.