ರಸ್ತೆಯ ನಕ್ಷೆಯೂ ಸರಕು ಚಾಲಕನ ಲೆಕ್ಕವೂ

ನಗರದಲ್ಲಿ ರಸ್ತೆ ಅಗಲೀಕರಣ, ವೃತ್ತಗಳ ಮಾರ್ಪಾಟು ಅಥವಾ ಮೇಲ್ಸೇತುವೆ ನಿರ್ಮಾಣದ ಪ್ರಸ್ತಾವನೆಗಳು ಬಂದಾಗಲೆಲ್ಲ ಎಂಜಿನಿಯರರು, ಅಧಿಕಾರಿಗಳು ಹಾಗೂ ಜನಪ್ರತಿನಿಧಿಗಳ ಅಭಿಪ್ರಾಯಗಳು ಪ್ರಕಟವಾಗುತ್ತವೆ. ದಿನವಿಡೀ ಅದೇ ರಸ್ತೆಯಲ್ಲಿ ನಮ್ಮ ಮಾಲನ್ನು ಸಾಗಿಸುವ ಚಾಲಕನನ್ನು ಕೇಳುವವರು ವಿರಳ. ಹುಬ್ಬಳ್ಳಿಯ ಅಮರಗೋಳ ಎ.ಪಿ.ಎಂ.ಸಿ. ಪ್ರಾಂಗಣದಿಂದ ದುರ್ಗದಬೈಲಿನ ಅಂಗಡಿಗಳಿಗೆ ಬಹುಕಾಲದಿಂದ ಸಣ್ಣ ಸರಕು ವಾಹನ ಓಡಿಸುತ್ತಿರುವ ಚಾಲಕರೊಬ್ಬರೊಡನೆ ಈ ವಿಷಯವಾಗಿ ಚರ್ಚಿಸಿದಾಗ ತಿಳಿದುಬಂದ ಅಂಶಗಳು ನಮ್ಮ ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಗಮನಕ್ಕೆ ಅರ್ಹವಾಗಿವೆ.

ಎರಡು ಅನುಭವಗಳು

ಹುಬ್ಬಳ್ಳಿ–ಧಾರವಾಡ ನಡುವಣ ಸುಮಾರು ೨೨ ಕಿ.ಮೀ. ಮಾರ್ಗದ ಮಧ್ಯಭಾಗದಲ್ಲಿ ಬಿ.ಆರ್.ಟಿ.ಎಸ್. ಯೋಜನೆಯಡಿ ಬಸ್ಸುಗಳಿಗೆ ಪ್ರತ್ಯೇಕ ಪಥ ನಿರ್ಮಾಣವಾಯಿತು. ‘ಚಿಗರಿ’ ಬಸ್ಸುಗಳ ಸಂಚಾರ ೨೦೧೮ರ ಅಕ್ಟೋಬರ್‌ನಲ್ಲಿ ಆರಂಭಗೊಂಡು, ವಿಧ್ಯುಕ್ತ ಉದ್ಘಾಟನೆ ೨೦೨೦ರ ಫೆಬ್ರವರಿಯಲ್ಲಿ ನೆರವೇರಿತು. ಪ್ರಯಾಣಿಕರಿಗೆ ಇದರಿಂದ ಅನುಕೂಲವಾಯಿತೆಂಬುದನ್ನು ನಮ್ಮ ಚಾಲಕರು ಒಪ್ಪುತ್ತಾರೆ. ಆದರೆ ಎದುರು ಬದಿಯ ಗೋದಾಮಿಗೆ ಮಾಲು ಮುಟ್ಟಿಸಬೇಕಾದರೆ ಮುಂದಿನ ತಿರುವಿನವರೆಗೆ ಹೋಗಿ ಮರಳಿ ಬರಬೇಕಾಗಿದೆ ಎಂಬುದು ಅವರ ಅನುಭವ.

ಬಸ್ ಪಥವನ್ನು ಇತರ ವಾಹನಗಳಿಗೂ ತೆರೆಯಬೇಕೆಂಬ ಬೇಡಿಕೆ ಕೇಳಿಬಂದದ್ದುಂಟು. ಆಶ್ಚರ್ಯವೆಂದರೆ, ಈ ಚಾಲಕರು ಅದನ್ನು ಬೆಂಬಲಿಸುವುದಿಲ್ಲ. ನಿಲ್ದಾಣದಲ್ಲಿ ಬಸ್ ನಿಂತಾಗ ಅದರ ಹಿಂದೆ ತಮ್ಮ ಗಾಡಿಯೂ ನಿಲ್ಲಬೇಕಾಗುತ್ತದೆ, ಆಗ ಎರಡು ಪಥಗಳೂ ಕೆಡುತ್ತವೆ ಎಂಬುದು ಅವರ ವಾದ. ತುಂಬಿದ ಗಾಡಿ ಒಂದೇ ಸಲಕ್ಕೆ ತಿರುಗಬಲ್ಲಷ್ಟು ಅಗಲವಾದ ತಿರುವುಗಳು ಮಾಲು ಇಳಿಯುವ ಸ್ಥಳಗಳ ಸಮೀಪದಲ್ಲಿರಬೇಕು ಎಂಬುದಷ್ಟೇ ಅವರ ಅಪೇಕ್ಷೆ.

ಎರಡನೆಯದು ಕಿತ್ತೂರು ರಾಣಿ ಚೆನ್ನಮ್ಮ ವೃತ್ತದ ಮೇಲ್ಸೇತುವೆಯ ಕಾಮಗಾರಿ. ೨೦೨೪ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಬ್ಬಿಣದ ಸರಳು ಬಿದ್ದು ಗಾಯಗೊಂಡ ಸಹಾಯಕ ಪೊಲೀಸ್ ಸಬ್‌ಇನ್‌ಸ್ಪೆಕ್ಟರರೊಬ್ಬರು ಮೃತಪಟ್ಟ ದುರ್ಘಟನೆ ವಾಚಕರಿಗೆ ತಿಳಿದೇ ಇದೆ. ಯೋಜನೆಗಳ ಪ್ರಚಾರದಲ್ಲಿ ಕೆಲಸ ಮುಗಿದ ಮೇಲಿನ ಸುಂದರ ಚಿತ್ರವಿರುತ್ತದೆಯೇ ಹೊರತು, ಕೆಲಸ ನಡೆಯುವ ವರ್ಷಗಳ ಚಿತ್ರವಿರುವುದಿಲ್ಲ ಎಂದು ಚಾಲಕರು ನೊಂದು ನುಡಿಯುತ್ತಾರೆ. ಮೇಲ್ಸೇತುವೆ ಊರು ದಾಟಿ ಹೋಗುವವರಿಗೆ ಪ್ರಯೋಜನಕಾರಿ. ಪೇಟೆಗೆ ಮಾಲು ತರುವವನ ಕೆಲಸ ಅದರ ಕೆಳಗಿನ ರಸ್ತೆಯಲ್ಲಿಯೇ ಇರುವುದರಿಂದ, ಕಂಬಗಳ ನಡುವೆ ಉಳಿಯುವ ಅಗಲವೆಷ್ಟು ಎಂಬುದೇ ಅವನಿಗೆ ಮುಖ್ಯ.

ದೂರಕ್ಕಿಂತ ಸಮಯ ದುಬಾರಿ

ಈ ಮಾತುಗಳನ್ನು ಲೆಕ್ಕದ ಭಾಷೆಯಲ್ಲಿ ನೋಡೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ವಾಹನವೊಂದು ದಿನಕ್ಕೆ ೮ ಟ್ರಿಪ್ಪಿನಂತೆ ವರ್ಷಕ್ಕೆ ೩೦೦ ದಿನ ದುಡಿಯುತ್ತದೆ ಎಂದು ಭಾವಿಸೋಣ. ವಿಭಜಕ ಮುಚ್ಚಿದ್ದರಿಂದ ಪ್ರತಿ ಟ್ರಿಪ್ಪಿಗೆ ೧ ಕಿ.ಮೀ. ಹೆಚ್ಚಾದರೆ ವರ್ಷಕ್ಕೆ ೨,೪೦೦ ಕಿ.ಮೀ. ಆಯಿತು. ಲೀಟರಿಗೆ ೧೬ ಕಿ.ಮೀ. ಮತ್ತು ೯೦ ರೂ. ಎಂದು ಹಿಡಿದರೆ ಡೀಸೆಲ್ ವೆಚ್ಚ ೧೩,೫೦೦ ರೂ.

ಇನ್ನು ಸಾಲದ ಕಂತು, ವಿಮೆ, ಚಾಲಕನ ಸಂಬಳ ಸೇರಿ ಸ್ಥಿರ ವೆಚ್ಚ ದಿನಕ್ಕೆ ೧,೬೮೦ ರೂ. ಇದ್ದರೆ, ೮ ಟ್ರಿಪ್ಪಿಗೆ ತಲಾ ೨೧೦ ರೂ. ಬೀಳುತ್ತದೆ. ವೃತ್ತದಲ್ಲಿ ಕಾಯುವುದರಿಂದ ಟ್ರಿಪ್ಪುಗಳು ೭ಕ್ಕೆ ಇಳಿದರೆ ಅದು ೨೪೦ ರೂ. ಆಗುತ್ತದೆ. ಅಂದರೆ ದಿನಕ್ಕೆ ೨೧೦ ರೂ., ವರ್ಷಕ್ಕೆ ೬೩,೦೦೦ ರೂ. ಹೆಚ್ಚುವರಿ ಭಾರ. ಸುತ್ತಿ ಹೋಗುವ ದೂರಕ್ಕಿಂತ ನಿಂತು ಕಳೆಯುವ ಸಮಯವೇ ನಾಲ್ಕೂವರೆ ಪಟ್ಟಿಗೂ ಹೆಚ್ಚು ದುಬಾರಿಯೆಂಬುದು ಇದರಿಂದ ಸ್ಪಷ್ಟ. ಈ ಹೊರೆಯನ್ನು ಮೊದಲು ವಾಹನದ ಮಾಲೀಕ ಹೊರುತ್ತಾನೆ. ಬಾಡಿಗೆ ಏರಿದಾಗ ವ್ಯಾಪಾರಿ ಹೊರುತ್ತಾನೆ. ಕೊನೆಗೆ ಗಿರಾಕಿ ಹೊರುತ್ತಾನೆ. ಹಮಾಲರು ಗಾಡಿಗಾಗಿ ಕಾದು ಕುಳಿತ ಸಮಯವನ್ನು ಇಲ್ಲಿ ಸೇರಿಸಿಲ್ಲ.

ನಾವು ಕೇಳಬೇಕಾದದ್ದು

ಆದ್ದರಿಂದ ಯಾವುದೇ ರಸ್ತೆ ಪ್ರಸ್ತಾವನೆ ಪ್ರಕಟವಾದಾಗ ನಾಲ್ಕು ಪ್ರಶ್ನೆಗಳನ್ನು ಲಿಖಿತವಾಗಿ ಕೇಳುವುದು ಸೂಕ್ತ.

೧. ತಿರುವುಗಳನ್ನು ಕಾರಿನ ಅಳತೆಗೆ ರೂಪಿಸಲಾಗಿದೆಯೋ, ತುಂಬಿದ ಲಾರಿಯ ಅಳತೆಗೋ?
೨. ಮಾಲು ಇಳಿಸಲು ಸ್ಥಳ ಮತ್ತು ವೇಳೆ ನಿಗದಿಯಾಗಿದೆಯೇ?
೩. ಕಾಮಗಾರಿಯ ಅವಧಿಯಲ್ಲಿ ಬದಲಿ ಮಾರ್ಗ ಯಾವುದು? ಅದನ್ನು ಮೊದಲೇ ದುರಸ್ತಿ ಮಾಡಲಾಗುವುದೇ?
೪. ಮಳೆನೀರು ಹರಿದುಹೋಗುವ ವ್ಯವಸ್ಥೆ ನಕ್ಷೆಯಲ್ಲಿದೆಯೇ?

ಇವುಗಳಿಗೆ ಬಲ ಬರಬೇಕಾದರೆ ದಾಖಲೆ ಅವಶ್ಯಕ. ಪ್ರತಿಯೊಬ್ಬ ಸದಸ್ಯರೂ ತಮ್ಮ ವಾಹನ ಹೊರಟ ವೇಳೆ, ತಲುಪಿದ ವೇಳೆ ಹಾಗೂ ದಿನದ ಟ್ರಿಪ್ಪುಗಳ ಸಂಖ್ಯೆಯನ್ನು ಎರಡು ವಾರ ಒಂದು ಪುಸ್ತಕದಲ್ಲಿ ಬರೆಸಿಡಲಿ. ಆಕ್ಷೇಪಣೆಗೆ ನಿಗದಿಪಡಿಸಿದ ಅವಧಿಯಲ್ಲಿಯೇ ಅವುಗಳನ್ನು ಕ್ರೋಡೀಕರಿಸಿ ಸಲ್ಲಿಸಿದರೆ, ಅದು ಬರಿಯ ದೂರಾಗಿ ಉಳಿಯದೆ ಪುರಾವೆಯಾಗುತ್ತದೆ. ಸಭೆಗೆ ಹೋಗುವಾಗ ಅನುಭವಿ ಚಾಲಕರೊಬ್ಬರನ್ನು ಜೊತೆಯಲ್ಲಿ ಕರೆದೊಯ್ಯುವುದೂ ಒಳಿತು. ಕಾಂಕ್ರೀಟು ಹಾಕಿದ ಮೇಲೆ ಸಲ್ಲಿಸುವ ಮನವಿಗಿಂತ ನಕ್ಷೆ ಮೇಜಿನ ಮೇಲಿರುವಾಗ ಆಡುವ ಒಂದು ಮಾತಿಗೆ ಬೆಲೆ ಹೆಚ್ಚು.