ಗಾಳಿ ಬೀಸಿದತ್ತ ಇಳಿಯುವ ಅಭ್ಯಾಸ

ಭಂಕೂರದ ಕಣದಲ್ಲಿ ಜೋಳ ತೂರುವ ಒಕ್ಕಲಿಗನು ಮೊದಲು ಗಾಳಿಯ ದಿಕ್ಕನ್ನು ನೋಡುತ್ತಾನೆ. ನೆಲಕ್ಕಿಳಿಯುವ ಹದ್ದೂ ಗಾಳಿಗೆ ಎದುರಾಗಿಯೇ ಇಳಿಯುವುದು. ಪ್ಯಾರಾಚೂಟಿನವನಿಗೂ ಇದೇ ನಿಯಮ. ಹೀಗಿರಲು, ಗಾಳಿ ಬೀಸಿದತ್ತ ಇಳಿಯುವುದನ್ನೂ ಕಲಿಯಬೇಕೆಂದರೆ ವಾಚಕರಿಗೆ ವಿಚಿತ್ರವೆನಿಸಬಹುದು.

1941ರಲ್ಲಿ ಭಾರತೀಯ ಸೈನಿಕರ ಪೈಕಿ ಮೊದಲಿಗರಾಗಿ ಧುಮುಕಿದವರು ಸೈನ್ಯದ ವೈದ್ಯರಾದ ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಆ ಕಾಲದ ದುಂಡು ಪ್ಯಾರಾಚೂಟು ಗಾಳಿ ಒಯ್ದತ್ತ ಹೋಗುತ್ತಿದ್ದಿತು. ಆದುದರಿಂದ ಕಾಲು ಜೋಡಿಸಿ ಮಗ್ಗುಲಾಗಿ ಉರುಳುವುದೇ ಸೈನಿಕನ ಮೊದಲ ಪಾಠ. ಇಂದಿನ ಚೌಕದ ಪ್ಯಾರಾಚೂಟಾದರೋ ತಾನೇ ಗಂಟೆಗೆ ಸುಮಾರು 20 ಮೈಲಿ ಮುಂದೆ ಸಾಗುತ್ತದೆ. ಗಾಳಿಯು 10 ಮೈಲಿಯಿದ್ದರೆ, ಅದಕ್ಕೆ ಎದುರಾಗಿ ಇಳಿದವನ ವೇಗ 10 ಮೈಲಿ. ಅದರೊಡನೆ ಇಳಿದವನದು 30. ವೇಗ ಮೂರರಷ್ಟಾದರೆ ಪೆಟ್ಟಿನ ಶಕ್ತಿ ಒಂಬತ್ತರಷ್ಟು!

ಆದರೂ ಇದಕ್ಕಿಂತ ಘೋರವಾದುದು ಇದರ ಭಯ. ದಿಕ್ಕು ತಪ್ಪಿತೆಂದು ನೆಲದ ಸಮೀಪದಲ್ಲಿ ಗಾಬರಿಯಿಂದ ತಿರುಗಿಸಿದರೆ ಪ್ಯಾರಾಚೂಟು ವಾಲಿ, ರಭಸದಿಂದ ಕೆಳಕ್ಕೆ ಎರಗುತ್ತದೆ. ತರಚುಗಾಯದಲ್ಲಿ ಮುಗಿಯುತ್ತಿದ್ದುದು ಪ್ರಾಣಕ್ಕೇ ಬರುತ್ತದೆ. ಈ ಗಾಬರಿಯನ್ನು ಕಳೆಯುವುದಕ್ಕಾಗಿಯೇ ಅಭ್ಯಾಸ.

ಶಿಕ್ಷಕರ ಅನುಮತಿ, ಮಂದವಾದ ಗಾಳಿ, ಬೇರಾರೂ ಇಳಿಯದ ಸಮಯ, ವಿಶಾಲವಾದ ಹುಲ್ಲುಬಯಲು ಇವು ಆವಶ್ಯಕ. (ನಮ್ಮ ಶಹಾಬಾದಿನ ಕಲ್ಲುಗಣಿಗಳ ಸೀಮೆ ಇದಕ್ಕೆ ತಕ್ಕುದಲ್ಲ.) ನೆಲವು ಓಡಿಬರುವುದನ್ನು ಕಂಡು ಕೈಗಳು ಮೊದಲೇ ಹಗ್ಗ ಸೆಳೆಯಲು ಹವಣಿಸುತ್ತವೆ. ಹಾಗೆ ಮಾಡಕೂಡದು. ಎಂದಿನ ಎತ್ತರದಲ್ಲಿಯೇ ಎರಡು ಹಗ್ಗಗಳನ್ನೂ ಸಮನಾಗಿ, ಪೂರ್ತಿಯಾಗಿ ಸೆಳೆಯಬೇಕು. ಬಳಿಕ ಕೈಯೂರದೆ ಉರುಳಬೇಕು. ಎದ್ದೊಡನೆ ಒಂದು ಹಗ್ಗವನ್ನು ಎಳೆದು ಬಟ್ಟೆಯ ಗಾಳಿಯನ್ನು ತೆಗೆಯತಕ್ಕದ್ದು. ಇಲ್ಲವಾದರೆ ಅದು ಮನುಷ್ಯನನ್ನೇ ಎಳೆದೊಯ್ಯುವುದು.